ನರೂಲಿ ಕೈಗೆ ಕೂಸು ಕೊಡಬ್ಯಾಡ್ರಿ

ಹೋದ ವಾರ ಬ್ಯಾಂಕಿನಲ್ಲಿ ನನ್ನ ಹೆಬ್ಬೆರಳಿಗೆ ಅವಮಾನವಾಯಿತು. ಪಿಂಚಣಿ ತಗೊಳ್ಳೋರು ವರ್ಷಕ್ಕೊಮ್ಮೆ ಹೋಗಿ ನಾವಿನ್ನೂ ಬದುಕಿದ್ದೀವಿ ಅಂತ ತೋರಿಸಿ ಬರಬೇಕಲ್ಲ, ಅದಕ್ಕೆ ಹೋಗಿದ್ದೆ. ಅಲ್ಲಿದ್ದ ಹುಡುಗಿ ಕೆಂಪು ದೀಪದ ಡಬ್ಬಿಯೊಂದನ್ನು ಮುಂದೆ ತಳ್ಳಿ, "ಅಜ್ಜಿ, ಹೆಬ್ಬೆಟ್ಟು ಇಡ್ರಿ" ಅಂದಳು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ನನಗೆ ಹೆಬ್ಬೆಟ್ಟು ಒತ್ತು ಅನ್ನೋದೇ ಒಂದು ಬೈಗುಳ. ಹೋಗಲಿ ಅಂತ ಇಟ್ಟೆ. ಡಬ್ಬಿ ಕೀಂಯ್ ಅಂತು. ಸೆರಗಿಗೆ ಒರೆಸಿ ಇಟ್ಟೆ. ಮತ್ತೆ ಕೀಂಯ್. ಹುಡುಗಿ ನನ್ನ ಬೆರಳನ್ನು ತಿರುಗಿಸಿ ನೋಡಿ, "ನಿಮ್ಮ ಹೆಬ್ಬೆಟ್ನಾಗೆ ಗೆರೇನೇ ಇಲ್ವಲ್ಲ ಅಜ್ಜಿ! ಪಾತ್ರೆ ಭಾಳ ತಿಕ್ಕಿರೇನು?" ಅಂದಳು. ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು.

"ಪಾತ್ರೆ ಅಲ್ಲಮ್ಮ ತಾಯಿ, ನಮ್ಮ ದೊಡ್ಡವ್ವ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಎಡಗೈ ಹೆಬ್ಬೆರಳು ಇಡಿಸಿ, "ಆತು, ಬದುಕಿದ್ದೀರಿ, ಹೋಗಿ ಬರ್ರಿ" ಅಂತ ಕಳಿಸಿದಳು. ಮನೆಗೆ ಬಂದರೂ ನನ್ನ ಸಿಟ್ಟು ಇಳಿಯಲಿಲ್ಲ. ಆ ಹುಡುಗಿ ಮೇಲಲ್ಲ ಬಿಡ್ರಿ, ಅದು ಬ್ಯಾರೆ ಸಿಟ್ಟು. ಅದಕ್ಕೆ ಅರವತ್ತು ವರ್ಷಕ್ಕೂ ಮೇಲಾಯಿತು.

ನನಗೆ ನರೂಲಿ ಆಗಿದ್ದವು. ಓದಿದವರು ನರಹುಲಿ ಅಂತಾರೆ. ದಾವಣಗೆರೆಯ ಹಳೇ ಪೇಟೆಯ ನಮ್ಮ ಮನೆಯಲ್ಲಿ ಅದಕ್ಕೆ ಅಷ್ಟೆಲ್ಲ ಮರ್ಯಾದೆ ಇರಲಿಲ್ಲ. ಆಗ ನನಗೆ ಹದಿಮೂರು ವರ್ಷ. ಮೊದಲು ಬಲಗೈ ಹೆಬ್ಬೆರಳ ತುದಿಗೆ ಕಡಲೆ ಕಾಳಿನಷ್ಟು ಒಂದು ಬಂತು. ಮುಟ್ಟಿದರೆ ಒರಟು, ಮಧ್ಯೆ ಕಪ್ಪು ಚುಕ್ಕಿ. ತಿಂಗಳು ತುಂಬುವುದರಲ್ಲಿ ಅದು ಪಕ್ಕದ ಬೆರಳಿಗೆ ನೆಂಟಸ್ತನ ಬೆಳೆಸಿತು. ಆಮೇಲೆ ಅಂಗೈ ಹಿಂಭಾಗಕ್ಕೂ ಸಂಸಾರ ಹೂಡಿತು. ಒಟ್ಟು ಎಷ್ಟು ಅಂತ ಎಣಿಸಲು ಹೋದರೆ ನಮ್ಮವ್ವ ಕೈಮೇಲೆ ಹೊಡೆಯುತ್ತಿದ್ದಳು. "ಎಣಿಸಬ್ಯಾಡ, ಎಣಿಸಿದ್ರೆ ಹೆಚ್ಚಾಗ್ತಾವೆ!" ಎಣಿಸದಿದ್ದರೂ ಹೆಚ್ಚಾದವು. ಕದ್ದು ಎಣಿಸಿದ್ದೆ, ಹನ್ನೊಂದಿದ್ದವು.

ಯಾಕೆ ಬಂದವು ಅನ್ನೋದಕ್ಕೆ ಊರ ತುಂಬ ಉತ್ತರಗಳಿದ್ದವು. ಕಪ್ಪೆ ಮುಟ್ಟಿರಬೇಕು. ಕೈ ತೊಳೆದ ನೀರು ಝಾಡಿಸಿರಬೇಕು. ಅಂಗಳದಲ್ಲಿ ಮಲಗಿ ಚುಕ್ಕಿ ಎಣಿಸಿರಬೇಕು. ಎಲ್ಲ ಉತ್ತರದಲ್ಲೂ ತಪ್ಪು ನನ್ನದೇ. ನೆಗಡಿ ಬಂದವರನ್ನು ಯಾರಾದರೂ ನೀನೇನು ಪಾಪ ಮಾಡಿದ್ದಿ ಅಂತ ಕೇಳ್ತಾರೇನ್ರಿ? ನರೂಲಿ ಬಂದವರನ್ನು ಕೇಳುತ್ತಿದ್ದರು.

ಇಷ್ಟೇ ಆಗಿದ್ದರೆ ತಡ್ಕೋತಿದ್ದೆ. ಆದರೆ ಅದೇ ಹೊತ್ತಿಗೆ ನಮ್ಮ ಶಾಂತಕ್ಕ ಮಲೇಬೆನ್ನೂರಿನ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬಂದಳು. ಹೆಣ್ಣು ಕೂಸು ಹುಟ್ಟಿತು. ನಮ್ಮ ಮನೆಯಲ್ಲಿ ನಾನೇ ಕೊನೆಯವಳು. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಎತ್ತಿದವರೇ, ನಾನು ಎತ್ತಿಕೊಳ್ಳಲು ಒಬ್ಬರೂ ಇರಲಿಲ್ಲ. ಅಕ್ಕನಿಗೆ ಏಳು ತಿಂಗಳಾದಾಗಿನಿಂದಲೇ ನಾನು ದಿಂಬನ್ನು ತೋಳಮೇಲೆ ಮಲಗಿಸಿಕೊಂಡು, ಕುತ್ತಿಗೆ ನಿಲ್ಲದ ಕೂಸಿನ ತಲೆಗೆ ಹೆಂಗೆ ಕೈ ಕೊಡಬೇಕು ಅಂತ ಕಲಿತಿದ್ದೆ. ಬಿಳಿ ಬಟ್ಟೆಗೆ ಕೆಂಪು ಅಂಚು ಕೊಟ್ಟು ಒಂದು ಕುಲಾವಿ ಹೊಲಿದಿದ್ದೆ. ಕೂಸಿನ ಅಳು ಕೇಳಿದ್ದೇ ತಡ, ಕೈ ತೊಳೆದುಕೊಂಡು ಓಡಿದೆ. ಬಾಗಿಲಲ್ಲಿ ನಮ್ಮ ದೊಡ್ಡವ್ವ ಅಡ್ಡ ನಿಂತಿದ್ದಳು.

"ಏ ಪಾರಿ, ನಿಂದ್ರು ಅಲ್ಲೇ. ಆ ಕೈ ತಗಂಡು ಎಲ್ಲಿ ಬರ್ತಿ? ನರೂಲಿ ಕೈಗೆ ಕೂಸು ಕೊಡಬ್ಯಾಡ್ರಿ ಯಾರೂ. ಎಳೇ ಚರ್ಮ ಅದು, ಹತ್ತಿ ಬಿಡತೈತೆ."

ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆ ಅವಳದೇ ಕೈಯಲ್ಲಿ. ಅಪ್ಪ ಅರಳೆ ಅಂಗಡಿಯಲ್ಲಿ ಕೂಗಿದರೆ ಮೂರು ಅಂಗಡಿ ಆಚೆಯ ದಲ್ಲಾಳಿ ಎದ್ದು ನಿಲ್ಲುತ್ತಿದ್ದ. ಮನೆಯಲ್ಲಿ ಮಾತ್ರ ಅತ್ತಿಗೆ ಹಾಕಿದ ಗೆರೆ ದಾಟುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಯಾವ ಕೂಸು ಹುಟ್ಟಿದರೂ ಎಣ್ಣೆ ಹಚ್ಚಿ ನೀರು ಹಾಕಲು ದೊಡ್ಡವ್ವನೇ ಆಗಬೇಕು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಎರಡೂ ಕಾಲು ಚಾಚಿ, ಕಾಲಮೇಲೆ ಕೂಸನ್ನು ಮಲಗಿಸಿ ಅವಳು ಎರೆಯುತ್ತಿದ್ದರೆ ಕೂಸು ಅಳುತ್ತ ಅಳುತ್ತಲೇ ನಿದ್ದೆ ಹೋಗುತ್ತಿತ್ತು. ಅದು ಸುಳ್ಳಲ್ಲ, ಒಪ್ಪಬೇಕು. ಅಂಥ ಕೈಗುಣ ಇದ್ದವಳು ನನ್ನ ಕುಲಾವಿಯನ್ನು ಕುದಿಯುವ ನೀರಿಗೆ ಹಾಕಿದಳು, ನರೂಲಿ ಕೈ ಹೊಲಿದದ್ದು ಅಂತ. ಕೆಂಪು ಬಿಟ್ಟುಕೊಂಡು ಬಿಳಿಗೆಲ್ಲ ಹರಡಿತು. ಕೂಸಿಗೆ ಅದನ್ನು ಹಾಕಲೇ ಇಲ್ಲ. ಒಲೆ ಮೇಲಿನ ಪಾತ್ರೆ ಹಿಡಿಯುವ ಅರಿವೆ ಆಯಿತು ಅದು. ನಾನು ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.

ಅಲ್ಲಿಂದ ಶುರುವಾಯಿತು ನೋಡ್ರಿ ಚಿಕಿತ್ಸೆ. ನರೂಲಿ ಹೋದರೆ ಕೂಸು ಕೈಗೆ ಬರುತ್ತೆ, ಅದು ಒಪ್ಪಂದ. ಹಂಗಾಗಿ ಯಾರು ಏನು ಹಚ್ಚಿದರೂ ಕೈ ಚಾಚಿದೆ. ಸುಣ್ಣಕ್ಕೆ ಅಡುಗೆ ಸೋಡಾ ಕಲಸಿ ಹಚ್ಚಿದರು. ಎಕ್ಕದ ಹಾಲು ಬಿಟ್ಟರು. ಒಂದೂ ನಾಟಲಿಲ್ಲ. ಇದರಲ್ಲಿ ಒಂದು ಸೂಕ್ಷ್ಮ ಇತ್ತು, ಅದು ನನಗೆ ಆಮೇಲೆ ಹೊಳೆಯಿತು. ಪ್ರತಿ ಔಷಧಕ್ಕೂ ಒಂದು ಕಟ್ಟಳೆ ಇರುತ್ತಿತ್ತು. ಔಷಧ ಸೋತರೆ, ನಾನು ಕಟ್ಟಳೆ ಮುರಿದೆ ಅಂತ ಅರ್ಥ. ಔಷಧ ಎಂದೂ ಸೋಲುತ್ತಿರಲಿಲ್ಲ, ಸೋಲುತ್ತಿದ್ದವಳು ಪಾರಿ.

ಕುದುರೆ ಬಾಲದ ಕೂದಲನ್ನೇ ತಗೊಳ್ರಿ. ಅದನ್ನು ನರೂಲಿಯ ಬುಡಕ್ಕೆ ಬಿಗಿದು ಕಟ್ಟಿದರೆ ಒಣಗಿ ಉದುರುತ್ತೆ ಅಂತ ದೊಡ್ಡವ್ವ ಹೇಳಿದಳು. ಆದರೆ ಕೂದಲು ಕಿತ್ತದ್ದು ಕುದುರೆಗೆ ಗೊತ್ತಾಗಬಾರದು! ನಾನು ಟಾಂಗಾ ನಿಲ್ಲುವ ಕಡೆ ಹೋಗಿ, ಮೇವು ತಿನ್ನುತ್ತಿದ್ದ ಬಿಳಿ ಕುದುರೆಯ ಹಿಂದೆ ಉಸಿರು ಹಿಡಿದು ನಿಂತು ಒಂದು ಕೂದಲು ಎಳೆದೆ. ಕುದುರೆ ಹಿಂಗಾಲು ಝಾಡಿಸಿತು. ಒಂದು ಗೇಣಿನಲ್ಲಿ ನನ್ನ ಮಂಡಿ ಉಳಿಯಿತು. ಟಾಂಗಾದ ಕಾಕಾ ಓಡಿ ಬಂದು, "ಯಾ ಅಲ್ಲಾ! ಕೇಳಿದ್ರೆ ನಾನೇ ಕೊಡ್ತಿರಲಿಲ್ಲೇನವ್ವಾ?" ಅಂತ ತಾನೇ ನಾಲ್ಕು ಕೂದಲು ಕಿತ್ತು ಕೊಟ್ಟ. ತಂದು ಕಟ್ಟಿದೆವು. ಎಂಟು ದಿನ ಬೆರಳು ಊದಿಕೊಂಡಿತು, ನರೂಲಿ ಕದಲಲಿಲ್ಲ. "ಕುದುರೆಗೆ ಗೊತ್ತಾತಲ್ಲ, ಇನ್ನೆಲ್ಲಿ ಹೋಗತೈತೆ" ಅಂದಳು ದೊಡ್ಡವ್ವ. ಕೂಸಿಗೆ ಆಗ ತಿಂಗಳು ತುಂಬಿತ್ತು. ನಾನು ಕೋಣೆಯ ಹೊಸ್ತಿಲಾಚೆ ಕೂತು, ಅಕ್ಕ ಅದಕ್ಕೆ ಹಾಲು ಕುಡಿಸುವುದನ್ನು ನೋಡುತ್ತಿದ್ದೆ.

ಆಮೇಲೆ ಹರಿಹರ. ಉಪ್ಪು ಮೆಣಸು ಗಂಟು ಕಟ್ಟಿ, ನರೂಲಿ ಮೇಲೆ ಮೂರು ಸಲ ಆಡಿಸಿ, ಹೊಳೆಗೆ ಬೆನ್ನು ಮಾಡಿ ನಿಂತು ಹಿಂದಕ್ಕೆ ಎಸೆಯಬೇಕು. ಉಪ್ಪು ಕರಗಿದ ಹಂಗೆ ನರೂಲಿ ಕರಗುತ್ತೆ. ಕಟ್ಟಳೆ ಏನಪ್ಪಾ ಅಂದರೆ, ಎಸೆದ ಮೇಲೆ ತಿರುಗಿ ನೋಡಬಾರದು, ಮನೆ ಹೊಸ್ತಿಲು ತುಳಿಯೋವರೆಗೆ ತುಟಿ ಬಿಚ್ಚಬಾರದು. ದೊಡ್ಡವ್ವನೇ ನನ್ನನ್ನು ರೈಲಿನಲ್ಲಿ ಕರೆದುಕೊಂಡು ಹೋದಳು. ಬೇಸಿಗೆ ಬಂದು ತುಂಗಭದ್ರೆ ಸಣ್ಣಗೆ ಹರಿಯುತ್ತಿದ್ದಳು. ನಾನು ಹೇಳಿದಂತೆಯೇ ಎಸೆದೆ. ಗುಳುಂ ಅಂದದ್ದು ಕೇಳಿತು. ತಿರುಗಿ ನೋಡಬೇಕು ಅಂತ ಕುತ್ತಿಗೆ ತಾನಾಗೇ ತಿರುಗುತ್ತಿತ್ತು, ಕೂಸನ್ನು ನೆನೆಸಿಕೊಂಡು ಬಿಗಿಹಿಡಿದೆ. ದೇವಸ್ಥಾನದಲ್ಲಿ ಕೈ ಮುಗಿದದ್ದೂ ಮೌನವಾಗಿ. ಸ್ಟೇಷನ್ನಿನಲ್ಲಿ ಮಂಡಕ್ಕಿ ಬೇಕೇನೇ ಅಂತ ದೊಡ್ಡವ್ವನೇ ಮರೆತು ಕೇಳಿದಳು. ಬೇಕು ಅನ್ನೋದು ಬಾಯಿಗೆ ಬಂತು, ನುಂಗಿದೆ.

ವಾಪಸ್ ರೈಲಿನಲ್ಲಿ ಟಿಕೀಟು ನೋಡುವವರು ಬಂದರು. ದೊಡ್ಡವ್ವ ನನಗೆ ತೆಗೆಸಿದ್ದು ಅರ್ಧ ಟಿಕೀಟು.

"ಈಕಿಗೆ ಎಷ್ಟಮ್ಮ ವಯಸ್ಸು?"

"ಹನ್ನೊಂದು ರೀ" ಅಂದಳು ದೊಡ್ಡವ್ವ, ಕಣ್ಣು ಮಿಟುಕಿಸದೆ.

"ಹೌದೇನಮ್ಮ ಮಗಳೇ? ನೀನೇ ಹೇಳು ನೋಡೋಣ."

ನಾನು ತುಟಿ ಕಚ್ಚಿಕೊಂಡೆ. ಅವರು ಮತ್ತೆ ಕೇಳಿದರು. ನಾನು ಕಿಟಕಿ ಕಡೆ ನೋಡಿದೆ. "ಯಾಕ, ಮಾತಾಡಲ್ವಾ?" ಅಂದರು.

"ಅಯ್ಯೋ ಅದು ಮೂಗಿ ರೀ, ಪಾಪ. ಹುಟ್ಟಾ ಮೂಗಿ. ಅದಕ್ಕೇ ದೇವರ ಹತ್ರ ಕರಕಂಡು ಬಂದಿದ್ದೆ" ಅಂದುಬಿಟ್ಟಳು ನಮ್ಮ ದೊಡ್ಡವ್ವ. ಸೆರಗಿನಿಂದ ಕಣ್ಣೂ ಒರೆಸಿಕೊಂಡಳು! ಡಬ್ಬಿಯವರೆಲ್ಲ ನನ್ನ ಕಡೆ ತಿರುಗಿ ಲೊಚಗುಟ್ಟಿದರು. ಎದುರಿಗೆ ಕೂತ ಹೆಂಗಸೊಬ್ಬಳು ನನ್ನ ಗಲ್ಲ ಸವರಿ, "ಎಂಥ ಚೆಂದನ ಹುಡುಗಿ, ಇದನ್ನ ಯಾರು ಮಾಡ್ಕೋತಾರೆ" ಅಂದಳು.

ನೀವೇ ಹೇಳ್ರಿ, ಎಷ್ಟು ಅಂತ ತಡಕೊಳ್ಳೋದು? "ನಾನು ಮೂಗಿ ಅಲ್ಲ! ನಂಗೆ ಹದಿಮೂರು!" ಅಂತ ಚೀರಿದೆ.

ಟಿಕೀಟಿನವರು ಹೊಟ್ಟೆ ಹಿಡಿದುಕೊಂಡು ನಕ್ಕು, "ನಿಮ್ಮ ದೇವರು ಭಾರಿ ಜಲ್ದಿ ಒಲಿದಾನೆ ಬಿಡ್ರಮ್ಮ" ಅಂತ ಹೇಳಿ ಹಂಗೇ ಮುಂದೆ ಹೋದರು. ದೊಡ್ಡವ್ವನಿಗೆ ನಗು ಬರಲಿಲ್ಲ. ಮನೆಗೆ ಬಂದವಳೇ ಎಲ್ಲರ ಮುಂದೆ, "ಹೋತು! ಬಾಯಿ ಬಿಟ್ಟಳು ನಿಮ್ಮ ಮಗಳು. ಹೊಳೆಗೆ ಹಾಕಿದ್ದು ದಂಡ" ಅಂದಳು. ಅವಳು ಹೇಳಿದ ಎರಡು ಸುಳ್ಳಿಗೆ ದೋಷ ಇಲ್ಲ, ನಾನು ಹೇಳಿದ ಒಂದು ನಿಜಕ್ಕೆ ದೋಷ! ಅವ್ವನೂ ತಲೆಯಾಡಿಸಿದಳು. ಅಪ್ಪ ಪೇಟಾ ತೆಗೆದು ಗೂಟಕ್ಕೆ ಹಾಕಿ ಒಳಗೆ ಹೋದರು. ಆವತ್ತು ನಾನು ಉಣ್ಣಲಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಮಲೇಬೆನ್ನೂರಿನಿಂದ, ಆನಗೋಡಿನಿಂದ ನೆಂಟರು ಬಂದಿಳಿದರು. ನರೂಲಿ ಕೈ ಅಂತ ನನಗೆ ಅಡುಗೆಮನೆಗೂ ಪ್ರವೇಶ ಇಲ್ಲ, ತೊಟ್ಟಿಲ ಹತ್ತಿರವೂ ಇಲ್ಲ. ಬಚ್ಚಲೊಲೆಗೆ ಒಣಗಿದ ಹತ್ತಿ ಗಿಡದ ಕಟ್ಟಿಗೆ ಇಡೋ ಕೆಲಸಕ್ಕೆ ಕೂಡಿಸಿದರು. ನಾನು ಹೊಗೆ ಕುಡಿಯುತ್ತ ಕೂತಿದ್ದಾಗ ದೊಡ್ಡವ್ವ ಕೂಸನ್ನು ತಂದು, ನನಗೆದುರಾಗಿ ಕೂತು ಕಾಲು ಚಾಚಿದಳು. ಅವಳ ಎರಡೂ ಅಂಗಾಲು ನನ್ನ ಮುಖದ ಮುಂದೆ ಬಂದವು. ಅಷ್ಟು ಹತ್ತಿರದಿಂದ ಅವನ್ನು ನಾನು ಎಂದೂ ನೋಡಿರಲಿಲ್ಲ. ಬಲಗಾಲ ಹಿಮ್ಮಡಿಯ ಹತ್ತಿರ ನಾಲ್ಕೈದು ಗಟ್ಟಿ ಬಿಲ್ಲೆಗಳು, ಒರಟು ಒರಟು, ಒಳಗೆ ಸಾಸಿವೆ ಉದುರಿಸಿದಂತೆ ಕಪ್ಪು ಚುಕ್ಕಿ. ನನ್ನ ಹೆಬ್ಬೆರಳು ನೋಡಿಕೊಂಡೆ. ಅವಳ ಕಾಲು ನೋಡಿದೆ.

"ದೊಡ್ಡವ್ವಾ, ನಿನ್ನ ಕಾಲಾಗೂ ನರೂಲಿ ಅದಾವೆ!"

"ಥೂ, ಬಾಯಿ ತೊಳಕ. ಅದು ಆಣಿ. ಹತ್ತು ವರ್ಷದಿಂದ ಐತೆ. ನಿತ್ಯ ಕಲ್ಲಾಗೆ ತಿಕ್ಕತೀನಿ."

ಆ ಕಲ್ಲು ನಮ್ಮ ಬಚ್ಚಲಿನ ಮೂಲೆಯಲ್ಲಿದ್ದ ಕಪ್ಪು ತೂತುಗಲ್ಲು. ಮನೆಮಂದಿಯೆಲ್ಲ ಹಿಮ್ಮಡಿ ಉಜ್ಜುವುದು ಅದರಲ್ಲೇ. ಶಾಲೆಯ ಮಸಿ ಹೆಬ್ಬೆರಳಿಗೆ ಅಂಟಿದರೆ ನಾನು ಚರ್ಮ ಕೆಂಪಾಗುವವರೆಗೆ ತಿಕ್ಕುತ್ತಿದ್ದುದೂ ಅದರಲ್ಲೇ. ಇದನ್ನು ಅವ್ವನಿಗೆ ಹೇಳಲು ಹೋದೆ. "ದೊಡ್ಡೋರಿಗೆ ಹಂಗಂತಾರೇನೇ?" ಅಂತ ಕಪಾಳಕ್ಕೆ ಒಂದು ಬಿತ್ತು. ಒಳಗೆ ತೊಟ್ಟಿಲ ಮೇಲಿಂದ ಕೆಳಗಿಂದ ಕೂಸನ್ನು ದಾಟಿಸುತ್ತಿದ್ದರು. ಮೂಗು ಸೋರುವ ನೆಂಟರೆಲ್ಲ ಅದಕ್ಕೆ ಮುತ್ತು ಕೊಟ್ಟರು. ಸೋದರತ್ತೆ ಕಿವಿಯಲ್ಲಿ ಕುರ್ರ್ ಅಂತ ಹೆಸರು ಹೇಳಿದಳು, ಉಳಿದವರು ಅವಳ ಬೆನ್ನಿಗೆ ಗುದ್ದಿ ನಕ್ಕರು. ಏನು ಹೆಸರಿಟ್ಟರು ಅಂತ ಬಚ್ಚಲಲ್ಲಿದ್ದ ನನಗೆ ಕೇಳಿಸಲೂ ಇಲ್ಲ.

"ಇವಳ ನರೂಲಿ ಈಗ ನಾಲಿಗೀಗೂ ಬಂದಾವೆ" ಅಂತ ದೊಡ್ಡವ್ವ ನೆಂಟರ ಮುಂದೆ ಹೇಳಿ, ಮಾರನೇ ದಿನವೇ ಕಡೆಯ ಔಷಧ ತೆಗೆದಳು. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಾರಲ್ಲ, ಆ ಕರಿಗೇರಿನ ಬೀಜ. ಅದನ್ನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದು, ಒಸರಿದ ಎಣ್ಣೆಯನ್ನು ಹೆಬ್ಬೆರಳಿಗೆ ಇಟ್ಟಳು. ಕಟ್ಟಳೆ, ಅಳಬಾರದು. ಅತ್ತೆ. ಅಳದೆ ಏನು ಮಾಡಲಿ? ಬೆರಳು ಬೊಬ್ಬೆ ಎದ್ದು, ಕೀವು ತುಂಬಿ, ನಿಂಬೆಹಣ್ಣಿನಷ್ಟಾಯಿತು. ಜ್ವರ ಬಂತು. ಆಗ ದೊಡ್ಡವ್ವನೇ ಗಾಬರಿ ಬಿದ್ದು, ಅಂಗಡಿಯಿಂದ ಅಪ್ಪನನ್ನು ಕರೆಸಿ, ತಾನೂ ಟಾಂಗಾ ಹತ್ತಿದಳು. ಡಾಕ್ಟರ ಹತ್ತಿರ ಹೋಗುವವರೆಗೂ ನನ್ನ ತಲೆ ಅವಳ ತೊಡೆಮೇಲೇ ಇತ್ತು.

ಡಾಕ್ಟರು ಕೀವು ತೆಗೆದು, ಕಟ್ಟು ಕಟ್ಟಿ, ಹಚ್ಚಿದವರು ಯಾರು ಅಂತ ಕೇಳಿ ಬೈದರು. ಹೊರಡಲು ಎದ್ದಾಗ ದೊಡ್ಡವ್ವ ಕುಂಟುವುದನ್ನು ನೋಡಿ, "ಕಾಲಿಗೇನಾಗಿದೆ? ಕೂಡ್ರಿ, ತೋರಿಸ್ರಿ" ಅಂದರು. ನೋಡಿದರು. ನನ್ನ ಇನ್ನೊಂದು ಬೆರಳನ್ನೂ ನೋಡಿದರು.

"ಎರಡೂ ಒಂದೇ. ಕೈಗೆ ಬಂದರೆ ಮೇಲೆ ಉಬ್ಬುತ್ತೆ, ಅಂಗಾಲಿಗೆ ಬಂದರೆ ಮೈಭಾರಕ್ಕೆ ಒಳಗೆ ಕೂರುತ್ತೆ. ವೈರಸ್ ಅಂತಾರೆ, ಕಣ್ಣಿಗೆ ಕಾಣೋದಲ್ಲ. ಮನೇಲಿ ಕಾಲುಜ್ಜೋ ಕಲ್ಲು ಒಂದೇನಾ? ಹಂಗಾದ್ರೆ ಈ ಹುಡುಗಿಗೆ ನಿಮ್ಮಿಂದಲೇ ಬಂದಿರಬೇಕು. ವರ್ಷವೋ ಎರಡು ವರ್ಷವೋ, ತಾನೇ ಹೋಗುತ್ತೆ, ಸುಡಬೇಡ್ರಿ."

"ಕೂಸು ಎತ್ಕೋಬಹುದಾ ರೀ?" ಅಂತ ಕೇಳಿದೆ. ಜ್ವರದಲ್ಲೂ ಅದೊಂದೇ ಕೇಳಬೇಕಾಗಿತ್ತು ನನಗೆ.

"ಧಾರಾಳವಾಗಿ. ಒಂದು ಬಟ್ಟೆ ಸುತ್ಕೊಂಡು ಎತ್ಕೊ."

ಇನ್ನು ಮುಗಿಯಿತು ಅಂದುಕೊಂಡೆ. ದೊಡ್ಡವ್ವ ಮನೆಯಲ್ಲಿ ಹೇಳಿದ್ದೇನು ಗೊತ್ತೇನ್ರಿ? "ಇವಳದು ಎರಡು ವರ್ಷ ಹೋಗಂಗಿಲ್ಲಂತೆ." ಅಷ್ಟೇ. ಕಾಲಿನ ಸುದ್ದಿ ಇಲ್ಲ, ಕಲ್ಲಿನ ಸುದ್ದಿ ಇಲ್ಲ, ಬಟ್ಟೆಯ ಸುದ್ದಿ ಇಲ್ಲ. ನಾನು ಅಪ್ಪನ ಮುಖ ನೋಡಿದೆ. ಅವರು ಎಲ್ಲ ಕೇಳಿಸಿಕೊಂಡಿದ್ದರು. ಅಂಗಿಗೆ ಹತ್ತಿದ ಅರಳೆ ಎಳೆ ಹೆಕ್ಕುತ್ತ ಕೂತರು. ಆ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ಅಪ್ಪ ಒಂದು ಮಾತು ಆಡಬಹುದಿತ್ತು.

ನಾನೇ ಅಕ್ಕನಿಗೆ ಹೇಳಿದೆ, ಹೊಸ್ತಿಲಾಚೆ ಕೂತು, ಒಂದೂ ಬಿಡದೆ. ಶಾಂತಕ್ಕ ಎದುರಾಡುವವಳಲ್ಲ. ಕೂಸಿನ ಬೆನ್ನು ತಟ್ಟುತ್ತ ಕೇಳಿದಳು. ಮಾರನೇ ಬೆಳಿಗ್ಗೆ ದೊಡ್ಡವ್ವ ಎಣ್ಣೆ ಕಾಯಿಸಿಕೊಂಡು, ಬಚ್ಚಲಲ್ಲಿ ಕಾಲು ಚಾಚಿ, "ತಾರವ್ವ ಕೂಸಿನ್ನ" ಅಂದಾಗ, ಅಕ್ಕ ಕೂಸನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು.

"ದೊಡ್ಡವ್ವ, ಎರಡೂ ಒಂದೇ ಅಂದ್ರಂತೆ ಡಾಕ್ಟ್ರು. ಪಾರಿ ಕೂಸು ಮುಟ್ಟಬಾರದಂದ್ರೆ, ನೀನೂ ಎರೀಬ್ಯಾಡ."

ನಾನು ಕಾದದ್ದು ಅದೇ ಮಾತಿಗೆ. ನಾಲ್ಕು ತಿಂಗಳಿನಿಂದ ಕಾದಿದ್ದೆ. ದೊಡ್ಡವ್ವ ಒಂದು ಕೂಗು ಹಾಕುತ್ತಾಳೆ, ನಾನೂ ಕೂಗುತ್ತೇನೆ, ಇವತ್ತು ಆಗಿಹೋಗಲಿ ಅಂತ ಸೊಂಟ ಕಟ್ಟಿ ನಿಂತಿದ್ದೆ. ಅವಳು ಕೂಗಲಿಲ್ಲ. ಚಾಚಿದ ಕಾಲನ್ನು ಮೆಲ್ಲಗೆ ಎಳೆದುಕೊಂಡಳು. ಮೊದಲು ಬಲಗಾಲು, ಆಮೇಲೆ ಎಡಗಾಲು. ಎರಡನ್ನೂ ಸೀರೆ ನೆರಿಗೆ ಒಳಗೆ ಮುಚ್ಚಿಟ್ಟುಕೊಂಡು, ನೆಲ ನೋಡುತ್ತ ಕೂತಳು. ಹಂಗೆ ಮುಚ್ಚಿಡುವುದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ತಿಂಗಳು ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಹಾಕಿಕೊಂಡೇ ಓಣಿಯಲ್ಲಿ ಓಡಾಡಿದ್ದೆ.

ನನ್ನ ಬಾಯಿಗೆ ಏನು ಬಂತೋ. "ಅಲ್ಲಕ್ಕ, ದೊಡ್ಡವ್ವಂದು ಆಣಿ. ನನಗೆ ಜ್ವರ ಇತ್ತಲ್ಲ, ತಪ್ಪು ಕೇಳಿಸ್ಕೊಂಡೆ" ಅಂದೆ.

ಅಕ್ಕ ನನ್ನನ್ನು ನೋಡಿದಳು, ದೊಡ್ಡವ್ವನನ್ನು ನೋಡಿದಳು. ಕೂಸನ್ನು ಕೊಟ್ಟಳು. ದೊಡ್ಡವ್ವ ಹೆಗಲ ಮೇಲಿನ ಪಂಜೆಯನ್ನು ಎರಡೂ ಪಾದಕ್ಕೆ ಸುತ್ತಿಕೊಂಡು, "ಚಳಿ" ಅಂದಳು. ಊರು ಬಿಸಿಲಿಗೆ ಹುರಿದು ಹೋಗುತ್ತಿತ್ತು. ಆವತ್ತು ಅವಳು ಹಾಡಲಿಲ್ಲ, ಕೂಸಿನ ಮೂಗು ತೀಡಲಿಲ್ಲ, ಸುಮ್ಮನೆ ನೀರು ಹಾಕಿ ಮುಗಿಸಿದಳು. ಒರೆಸಿ, ಬಟ್ಟೆಯಲ್ಲಿ ಸುತ್ತಿ, ಅಕ್ಕನ ಕಡೆ ಚಾಚಿದ ಕೈಯನ್ನು ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿಸಿದಳು.

"ಹಿಡಕ. ತಲಿಗೆ ಕೈ ಕೊಡು, ಜ್ವಾಕೆ."

ಅಷ್ಟೇ ಅಂದದ್ದು. ತಪ್ಪಾತು ಅಂತ ಆವತ್ತೂ ಅನ್ನಲಿಲ್ಲ, ಸಾಯೋವರೆಗೂ ಅನ್ನಲಿಲ್ಲ. ನಾನು ಕೂತು, ದಿಂಬಿನ ಮೇಲೆ ಕಲಿತ ಹಾಗೆ, ಕಟ್ಟು ಕಟ್ಟಿದ ಕೈಯನ್ನು ಕೂಸಿನ ಕುತ್ತಿಗೆಯ ಕೆಳಗೆ ಹಿಡಿದೆ. ಕೂಸು ನನ್ನ ಕೈಯಿಂದ ತಲೆ ಎತ್ತಿ, ಕತ್ತು ನೆಟ್ಟಗೆ ನಿಲ್ಲಿಸಿ, ಆ ಕಡೆ ಈ ಕಡೆ ನೋಡತೊಡಗಿತು. ಅದರ ಕುತ್ತಿಗೆ ಆಗಲೇ ನಿಂತಿತ್ತು.